ವೈಫೈಯೊಳಗಿನ ಗಣಿತಜ್ಞ ಜೋಸೆಫ್ ಫೋರಿಯರ್

ದೊಡ್ಡ ಕಾಲೇಜು, ಆಸ್ಪತ್ರೆ, ಕಚೇರಿಗಳ ವೈಫೈ ಜಾಲವನ್ನು ನೋಡಿಕೊಳ್ಳುವವರ ಕಂಪ್ಯೂಟರಿನಲ್ಲಿ ಒಂದು ಸೆಟ್ಟಿಂಗ್ಸ್ ಪುಟ ಇರುತ್ತದೆ. ಗೋಡೆಗೆ, ಸೂರಿಗೆ ಹಾಕಿದ ಹತ್ತಾರು ಆ್ಯಕ್ಸೆಸ್ ಪಾಯಿಂಟ್‌ಗಳ ರೇಡಿಯೊ ಹೇಗೆ ಕೆಲಸ ಮಾಡಬೇಕು ಎಂಬುದನ್ನು ಅವರು ಅಲ್ಲಿಂದಲೇ ನಿಗದಿ ಮಾಡುತ್ತಾರೆ. ಹೈ ಥ್ರೂಪುಟ್ ಎಂಬ ವಿಭಾಗದಲ್ಲಿ ಮುಖ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ. ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಇರಬೇಕೋ 40 ಇರಬೇಕೋ? ಗಾರ್ಡ್ ಇಂಟರ್ವಲ್ 800 ನ್ಯಾನೊಸೆಕೆಂಡ್ ಇರಬೇಕೋ 400 ಸಾಕೋ? ಎರಡೂ ಪ್ರಶ್ನೆಗಳ ಬೇರು ಒಂದೇ ಗಣಿತದಲ್ಲಿದೆ. ಆ ಗಣಿತವನ್ನು ಕೊಟ್ಟವರು, ರೇಡಿಯೊ ಎಂಬುದು ಒಂದಿದೆ ಎಂದು ಜಗತ್ತಿಗೆ ತಿಳಿಯುವ ಎಷ್ಟೋ ವರ್ಷ ಮೊದಲೇ ತೀರಿಕೊಂಡ ಒಬ್ಬ ದರ್ಜಿಯ ಮಗ. ಅವರೇ ಜೋಸೆಫ್ ಫೋರಿಯರ್.

ಅನಾಥ ಬಾಲಕ

1768ರ ಮಾರ್ಚ್ 21ರಂದು ಫ್ರಾನ್ಸಿನ ಒಸೇರ್ ಎಂಬ ಪಟ್ಟಣದಲ್ಲಿ ಫೋರಿಯರ್ ಜನಿಸಿದರು. ತಂದೆ ಬಟ್ಟೆ ಹೊಲಿದು ದೊಡ್ಡ ಸಂಸಾರವನ್ನು ಸಾಕುತ್ತಿದ್ದರು. ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮರುವರ್ಷ ತಂದೆಯೂ ಹೋದರು. ಅವನ ಚುರುಕುತನ ಕಂಡವರು ಊರಿನ ಸೈನಿಕ ಶಾಲೆಯಲ್ಲಿ ಓದಲು ಅನುಕೂಲ ಮಾಡಿಕೊಟ್ಟರು. ಅದು ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಶಾಲೆ. ಅಲ್ಲಿ ಅವನಿಗೆ ಗಣಿತದ ಹುಚ್ಚು ಹಿಡಿಯಿತು. ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಹಗಲಿನಲ್ಲಿ ಕೂಡಿಟ್ಟುಕೊಂಡು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅವುಗಳ ಬೆಳಕಿನಲ್ಲಿ ಲೆಕ್ಕ ಮಾಡುತ್ತಿದ್ದನೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಹದಿನಾಲ್ಕನೇ ವಯಸ್ಸಿಗೆ ಬೆಜೂ ಎಂಬ ಗಣಿತಜ್ಞರ ಆರು ಸಂಪುಟಗಳ ಪಠ್ಯವನ್ನು ಅವನು ಓದಿ ಮುಗಿಸಿದ್ದ.

ಶಾಲೆ ಮುಗಿದಾಗ ಸೈನ್ಯದ ಫಿರಂಗಿ ದಳಕ್ಕೆ ಸೇರಬೇಕೆಂಬ ಆಸೆ ಇತ್ತು. ಗಣಿತ ಬಲ್ಲವರಿಗೆ ಅಲ್ಲಿ ಬೆಲೆ ಇತ್ತು. ಆದರೆ ಅರ್ಜಿ ತಿರಸ್ಕೃತವಾಯಿತು. ಅಂದಿನ ಫ್ರಾನ್ಸಿನಲ್ಲಿ ಆ ಹುದ್ದೆಗಳು ಶ್ರೀಮಂತ ಕುಲೀನರ ಮಕ್ಕಳಿಗೆ ಮಾತ್ರ ಮೀಸಲಾಗಿದ್ದವು. ದರ್ಜಿಯ ಮಗನಿಗೆ ಎಷ್ಟೇ ಗಣಿತ ಬಂದರೂ ಬಾಗಿಲು ತೆರೆಯುವಂತಿರಲಿಲ್ಲ. ಬೇರೆ ದಾರಿ ಕಾಣದೆ 1787ರಲ್ಲಿ ಒಂದು ಮಠವನ್ನು ಸೇರಿ ಪಾದ್ರಿಯಾಗಲು ತರಬೇತಿ ಪಡೆದರು. ಆದರೆ ಮನಸ್ಸು ಗಣಿತದಲ್ಲೇ ಇತ್ತು. 1789ರಲ್ಲಿ ದೀಕ್ಷೆ ಪಡೆಯದೆ ಹೊರಬಂದು, ತಾವು ಓದಿದ ಶಾಲೆಯಲ್ಲೇ ಶಿಕ್ಷಕರಾದರು.

ಕ್ರಾಂತಿ ಮತ್ತು ಸೆರೆಮನೆ

ಅದೇ ವರ್ಷ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಆರಂಭವಾಯಿತು. ಹುಟ್ಟಿನ ಆಧಾರದ ಮೇಲೆ ಅವಕಾಶ ತಪ್ಪಿದ್ದ ಯುವಕನಿಗೆ ಸಮಾನತೆಯ ಘೋಷಣೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1793ರಲ್ಲಿ ಅವರು ಊರಿನ ಕ್ರಾಂತಿ ಸಮಿತಿಗೆ ಸೇರಿದರು. ಆದರೆ ಕ್ರಾಂತಿ ಬೇಗನೆ ರಕ್ತದ ಹಾದಿ ಹಿಡಿಯಿತು. ದಿನವೂ ತಲೆಗಳು ಉರುಳತೊಡಗಿದವು. ಅಸಹನೆ ತೋರಿದ ಫೋರಿಯರ್ ಅವರನ್ನೂ 1794ರಲ್ಲಿ ಬಂಧಿಸಿದರು. ಮುಂದೆ ಏನಾಗುತ್ತದೋ ಎಂಬ ಭಯದಲ್ಲಿ ದಿನ ಕಳೆಯಬೇಕಾಯಿತು. ಜುಲೈಯಲ್ಲಿ ರೋಬೆಸ್ಪಿಯರ್ ಅಧಿಕಾರ ಕಳೆದುಕೊಂಡು ಮರಣದಂಡನೆಗೆ ಗುರಿಯಾದ ಮೇಲೆ ಫೋರಿಯರ್ ಬಿಡುಗಡೆಯಾದರು.

ಆ ನಂತರ ಅದೃಷ್ಟ ತಿರುಗಿತು. ಶಿಕ್ಷಕರನ್ನು ತಯಾರು ಮಾಡಲು ಪ್ಯಾರಿಸ್‌ನಲ್ಲಿ ಹೊಸದಾಗಿ ತೆರೆದ ಎಕೋಲ್ ನಾರ್ಮಾಲ್ ಶಾಲೆಗೆ ಅವರು ಆಯ್ಕೆಯಾದರು. 1795ರಲ್ಲಿ ಅಲ್ಲಿ ಪಾಠ ಮಾಡಿದವರು ಲಗ್ರಾಂಜ್, ಲಾಪ್ಲಾಸ್, ಮಾಂಜ್. ಯುರೋಪಿನ ಅತಿ ದೊಡ್ಡ ಗಣಿತಜ್ಞರ ಸಾಲು ಅದು. ಶಿಷ್ಯ ಬೇಗನೆ ಗುರುಗಳ ಸಹೋದ್ಯೋಗಿಯಾದ. ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳತೊಡಗಿದ ಫೋರಿಯರ್, 1797ರಲ್ಲಿ ಲಗ್ರಾಂಜ್ ಬಿಟ್ಟ ಪೀಠವನ್ನೇ ಅಲಂಕರಿಸಿದರು. ಈ ಲಗ್ರಾಂಜ್ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ.

ಈಜಿಪ್ಟಿನ ಮೂರು ವರ್ಷ

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನಿಕರ ಜೊತೆ ವಿದ್ವಾಂಸರ ಒಂದು ತಂಡವನ್ನೂ ಕರೆದೊಯ್ದ. ಅದರಲ್ಲಿ ಫೋರಿಯರ್ ಇದ್ದರು. ಕೈರೋದಲ್ಲಿ ಸ್ಥಾಪನೆಯಾದ ಈಜಿಪ್ಟ್ ಸಂಸ್ಥೆಗೆ ಅವರೇ ಕಾರ್ಯದರ್ಶಿ. ಅಲ್ಲಿನ ಗ್ರಂಥಾಲಯಕ್ಕೂ ಪ್ರಯೋಗಶಾಲೆಗೂ ಭೇಟಿ ಕೊಟ್ಟ ಕೈರೋದ ಇತಿಹಾಸಕಾರ ಅಲ್ ಜಬರ್ತಿ ಅವರು ಅಲ್ಲಿ ಕಂಡ ಜ್ಞಾನಾಸಕ್ತಿಯನ್ನು ಮೆಚ್ಚಿ ಬರೆದಿದ್ದಾರೆ. ಅದೇ ಲೇಖನಿಯಿಂದ ಆಕ್ರಮಣಕಾರರ ದಬ್ಬಾಳಿಕೆಯನ್ನು ಖಂಡಿಸಿಯೂ ಬರೆದಿದ್ದಾರೆ. ಫೋರಿಯರ್ ಅವರ ಈಜಿಪ್ಟ್ ವಾಸವನ್ನು ನೆನೆಯುವಾಗ ಈ ಎರಡೂ ಮಾತು ನೆನಪಿರಬೇಕು.

ಈ ದಂಡಯಾತ್ರೆಗೂ ನಮ್ಮ ನಾಡಿಗೂ ಒಂದು ನಂಟಿದೆ. ಭಾರತಕ್ಕೆ ಹೋಗುವ ಬ್ರಿಟಿಷರ ದಾರಿಗೆ ಅಡ್ಡ ನಿಲ್ಲುವುದು ಅದರ ಒಂದು ಉದ್ದೇಶವಾಗಿತ್ತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನರಿಗೆ ಪತ್ರ ಬರೆದ. ಅದು ಶ್ರೀರಂಗಪಟ್ಟಣ ತಲುಪುವ ಮೊದಲೇ ಬ್ರಿಟಿಷರ ಕೈಸೇರಿತು. ಮೇ 4ರಂದು ಟಿಪ್ಪು ಯುದ್ಧದಲ್ಲಿ ಮಡಿದರು. ಈಜಿಪ್ಟಿನಲ್ಲೂ ಫ್ರೆಂಚರು ಸೋತರು. 1801ರಲ್ಲಿ ಫೋರಿಯರ್ ತಾಯ್ನಾಡಿಗೆ ಮರಳಿದರು.

ಹಗಲು ಆಡಳಿತ, ಉಳಿದ ಹೊತ್ತು ಗಣಿತ

ಪ್ಯಾರಿಸ್‌ನಲ್ಲಿ ಪಾಠ ಹೇಳಿಕೊಂಡಿರಬೇಕೆಂಬುದು ಅವರ ಬಯಕೆ. ನೆಪೋಲಿಯನ್ ಬಿಡಲಿಲ್ಲ. ದೂರದ ಗ್ರೆನೋಬಲ್‌ಗೆ ಜಿಲ್ಲಾಧಿಕಾರಿಯಂಥ ಹುದ್ದೆ ಕೊಟ್ಟು ಕಳಿಸಿದ. ಅಲ್ಲಿ ಬುರ್ಗ್ವಾನ್ ಎಂಬಲ್ಲಿ ವಿಶಾಲವಾದ ಜೌಗು ಪ್ರದೇಶವಿತ್ತು. ನೀರು ಬಸಿದು ಹೋಗುವಂತೆ ಮಾಡಬೇಕೆಂದರೆ ಸುತ್ತಲಿನ ಹಲವಾರು ಊರುಗಳು ಒಪ್ಪಬೇಕಿತ್ತು. ಒಂದು ಊರಿನ ಲಾಭ ಇನ್ನೊಂದು ಊರಿಗೆ ನಷ್ಟವಾಗಿ ಕಾಣುತ್ತಿತ್ತು. ಫೋರಿಯರ್ ಎಲ್ಲರನ್ನೂ ಮಾತನಾಡಿಸಿ, ಒಪ್ಪಿಸಿ ಆ ಕೆಲಸ ಮಾಡಿಸಿದರು. ಗ್ರೆನೋಬಲ್‌ನಿಂದ ಇಟಲಿಯ ಟ್ಯುರಿನ್ ಕಡೆಗೆ ಹೋಗುವ ರಸ್ತೆಯ ಕೆಲಸವೂ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು.

ಈ ಕೆಲಸಗಳ ನಡುವೆಯೇ ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಲೋಹದ ಸರಳಿನ ಒಂದು ಭಾಗವನ್ನು ಕಾಯಿಸಿದರೆ ಶಾಖ ಉಳಿದ ಭಾಗಕ್ಕೆ ಹೇಗೆ ಹರಡುತ್ತದೆ? ಸರಳಿನ ಉದ್ದಕ್ಕೂ ಉಷ್ಣತೆಯನ್ನು ಅಳೆದು ಗ್ರಾಫ್ ಬರೆದರೆ ಅದು ಅಂಕುಡೊಂಕಾಗಿರಬಹುದು, ಒಂದು ಕಡೆ ಥಟ್ಟನೆ ಏರಿ ಇನ್ನೊಂದು ಕಡೆ ಥಟ್ಟನೆ ಇಳಿಯಬಹುದು. ಇಂಥ ಗ್ರಾಫನ್ನು ನೇರವಾಗಿ ಲೆಕ್ಕಕ್ಕೆ ತರುವುದು ಕಷ್ಟ. ಫೋರಿಯರ್ ಒಂದು ಉಪಾಯ ಕಂಡುಕೊಂಡರು. ಆ ಗ್ರಾಫನ್ನು ಹಲವು ಸೈನ್ ಮತ್ತು ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸುವುದು. ಒಂದೊಂದು ಅಲೆಯೂ ತಣ್ಣಗಾಗುವ ರೀತಿ ಬಹಳ ಸರಳ. ಪ್ರತಿಯೊಂದರ ಲೆಕ್ಕ ಬೇರೆಬೇರೆಯಾಗಿ ಮಾಡಿ, ಕೊನೆಗೆ ಎಲ್ಲವನ್ನೂ ಕೂಡಿಸಿದರೆ ಉತ್ತರ ಸಿಗುತ್ತದೆ.

ಯಾವ ಅಲೆ ಎಷ್ಟು ಪ್ರಮಾಣದಲ್ಲಿದೆ ಎಂದು ತಿಳಿಯುವುದು ಹೇಗೆ? ಗ್ರಾಫಿನ ಸಮೀಕರಣವನ್ನು ಆ ಅಲೆಯಿಂದ ಗುಣಿಸಿ ಇಂಟಿಗ್ರೇಷನ್ ಮಾಡಬೇಕು. ಒಂದು ಪೂರ್ಣ ಅವಧಿಯ ಮೇಲೆ ಎರಡು ಬೇರೆ ಬೇರೆ ಆವರ್ತನದ ಸೈನ್ ಅಲೆಗಳನ್ನು ಗುಣಿಸಿ ಇಂಟಿಗ್ರೇಷನ್ ಮಾಡಿದರೆ ಉತ್ತರ ಸೊನ್ನೆ. ಹಾಗಾಗಿ ಬೇಡದ ಅಲೆಗಳೆಲ್ಲ ಮಾಯವಾಗಿ, ಬೇಕಾದ ಒಂದೇ ಅಲೆ ಉಳಿಯುತ್ತದೆ. ದ್ವಿತೀಯ ಪಿಯುಸಿಯ ಗಣಿತ ಬಲ್ಲ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಇಂದಿನ ವೈಫೈ ನಿಂತಿರುವುದು ಈ ಸೊನ್ನೆಯ ಮೇಲೆ.

ಹದಿನೈದು ವರ್ಷಗಳ ಕಾಯುವಿಕೆ

1807ರ ಡಿಸೆಂಬರ್‌ನಲ್ಲಿ ಫೋರಿಯರ್ ತಮ್ಮ ಪ್ರಬಂಧವನ್ನು ಪ್ಯಾರಿಸ್‌ನ ವಿದ್ವತ್ ಸಂಸ್ಥೆಗೆ ಒಪ್ಪಿಸಿದರು. ಪರಿಶೀಲಕರು ಲಗ್ರಾಂಜ್, ಲಾಪ್ಲಾಸ್, ಮಾಂಜ್, ಲಕ್ರುವಾ. ಗುರು ಲಗ್ರಾಂಜ್ ಅವರೇ ಒಪ್ಪಲಿಲ್ಲ. ನುಣುಪಾದ ಸೈನ್ ಅಲೆಗಳನ್ನು ಕೂಡಿಸಿದರೆ ಮೂಲೆಗಳಿರುವ, ಥಟ್ಟನೆ ಜಿಗಿಯುವ ರೇಖೆ ಹೇಗೆ ಬಂದೀತು ಎಂಬುದು ಅವರ ಆಕ್ಷೇಪ. ಪ್ರಬಂಧ ಪ್ರಕಟವಾಗಲಿಲ್ಲ. ಸಂಸ್ಥೆ 1811ರ ಬಹುಮಾನಕ್ಕೆ ಶಾಖದ ಹರಡುವಿಕೆಯನ್ನೇ ವಿಷಯವಾಗಿ ಇಟ್ಟಾಗ ಫೋರಿಯರ್ ಮತ್ತೆ ಬರೆದು ಕಳಿಸಿದರು. ಬಹುಮಾನ ಬಂತು. ಆದರೆ ತರ್ಕದ ಬಿಗಿ ಸಾಲದು ಎಂಬ ಟಿಪ್ಪಣಿಯೂ ಜೊತೆಗೆ ಬಂತು. ಆಗಲೂ ಅದನ್ನು ಅಚ್ಚು ಹಾಕಲಿಲ್ಲ.

ಆಕ್ಷೇಪ ಪೂರ್ತಿ ಅನ್ಯಾಯದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅನಂತ ಅಲೆಗಳ ಮೊತ್ತ ಯಾವಾಗ ಸರಿಯಾದ ಉತ್ತರಕ್ಕೆ ಬಂದು ನಿಲ್ಲುತ್ತದೆ ಎಂಬುದನ್ನು ಫೋರಿಯರ್ ಗಟ್ಟಿಯಾಗಿ ಸಾಧಿಸಿರಲಿಲ್ಲ. ಅದನ್ನು 1829ರಲ್ಲಿ ಮಾಡಿದವರು, ಪ್ಯಾರಿಸ್‌ನಲ್ಲಿ ಫೋರಿಯರ್ ಅವರ ಒಡನಾಟ ಪಡೆದಿದ್ದ ಜರ್ಮನಿಯ ಯುವ ಗಣಿತಜ್ಞ ದಿರಿಕ್ಲೆ.

ಈ ನಡುವೆ ರಾಜಕೀಯದ ಗಾಳಿ ಮತ್ತೆ ಬದಲಾಯಿತು. 1815ರಲ್ಲಿ ನೆಪೋಲಿಯನ್ ಕೊನೆಯದಾಗಿ ಸೋತಾಗ ಫೋರಿಯರ್ ಕೈಯಲ್ಲಿ ಹುದ್ದೆ ಇರಲಿಲ್ಲ. 1816ರಲ್ಲಿ ವಿಜ್ಞಾನ ಅಕಾಡೆಮಿಗೆ ಚುನಾಯಿತರಾದರೂ ಹೊಸ ರಾಜ ಒಪ್ಪಿಗೆ ಕೊಡಲಿಲ್ಲ. ಮರುವರ್ಷ ಮತ್ತೆ ಆಯ್ಕೆಯಾದಾಗ ಒಪ್ಪಬೇಕಾಯಿತು. 1822ರಲ್ಲಿ ಅವರು ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದರು. ಶಾಖದ ಕುರಿತ ಅವರ ಮಹಾಗ್ರಂಥ ಅದೇ ವರ್ಷ ಹೊರಬಂತು. ಮೊದಲ ಪ್ರಬಂಧದಿಂದ ಗ್ರಂಥದವರೆಗೆ ಹದಿನೈದು ವರ್ಷ ಹಿಡಿದಿತ್ತು. 1824ರಲ್ಲಿ ಭೂಮಿಯ ಉಷ್ಣತೆಯ ಬಗ್ಗೆ ಬರೆದ ಲೇಖನದಲ್ಲಿ, ವಾತಾವರಣವು ಶಾಖವನ್ನು ಹಿಡಿದಿಡುತ್ತದೆ ಎಂಬ ವಿಚಾರವನ್ನು ಮುಂದಿಟ್ಟರು. ಈಜಿಪ್ಟಿನಿಂದ ಬಂದ ಮೇಲೆ ಅವರಿಗೆ ಚಳಿ ತಡೆಯುತ್ತಿರಲಿಲ್ಲ. ಸೆಖೆಯಲ್ಲೂ ದಪ್ಪ ಬಟ್ಟೆ ತೊಟ್ಟು ಬೆಚ್ಚಗಿನ ಕೋಣೆಯಲ್ಲೇ ಇರುತ್ತಿದ್ದರಂತೆ. 1830ರ ಮೇ 16ರಂದು ಪ್ಯಾರಿಸ್‌ನಲ್ಲಿ ಅವರು ಕೊನೆಯುಸಿರೆಳೆದರು. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವರದೂ ಒಂದು.

ಶಾಖದ ಗಣಿತ ರೇಡಿಯೊಗೆ ಬಂದದ್ದು

ವೈಫೈ ಸಂಕೇತ ನಮ್ಮ ಮೊಬೈಲಿಗೆ ಒಂದೇ ದಾರಿಯಲ್ಲಿ ಬರುವುದಿಲ್ಲ. ನೇರವಾಗಿ ಬಂದದ್ದು ಒಂದು, ಗೋಡೆಗೆ ತಾಗಿ ಬಂದದ್ದು ಇನ್ನೊಂದು, ಕಬ್ಬಿಣದ ಬೀರುವಿಗೆ ಬಡಿದು ಬಂದದ್ದು ಮತ್ತೊಂದು. ದೊಡ್ಡ ಸಭಾಂಗಣದಲ್ಲಿ ಮೈಕಿನ ಮಾತು ಪ್ರತಿಧ್ವನಿಸಿ ಅರ್ಥವಾಗದೆ ಹೋಗುವ ಹಾಗೆ, ಹಿಂದಿನ ಸಂಕೇತದ ಪ್ರತಿಧ್ವನಿ ಮುಂದಿನ ಸಂಕೇತದ ಮೇಲೆ ಬಿದ್ದು ಕಲಸಿಹೋಗುತ್ತದೆ. ಮಾತು ವೇಗವಾದಷ್ಟೂ ಗೊಂದಲ ಹೆಚ್ಚು.

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ಪರಿಹಾರ ಫೋರಿಯರ್ ಅವರದೇ ದಾರಿ. ಒಂದೇ ಅಲೆಯ ಮೇಲೆ ಎಲ್ಲ ಮಾಹಿತಿಯನ್ನು ಓಡಿಸುವ ಬದಲು, ಹತ್ತಾರು ಸಣ್ಣ ಅಲೆಗಳ ಮೇಲೆ ಹಂಚಿ ನಿಧಾನವಾಗಿ ಕಳಿಸುವುದು. ಈ ಸಣ್ಣ ಅಲೆಗಳಿಗೆ ಸಬ್‌ಕ್ಯಾರಿಯರ್ ಎಂದು ಹೆಸರು. ವೈಫೈಯ 802.11ಎನ್ ಮಾನದಂಡದಲ್ಲಿ ಒಂದು ಸಂಕೇತದ ಮುಖ್ಯ ಭಾಗ 3.2 ಮೈಕ್ರೊಸೆಕೆಂಡ್ ಇರುತ್ತದೆ. ಸಬ್‌ಕ್ಯಾರಿಯರ್‌ಗಳ ನಡುವಿನ ಅಂತರ 312.5 ಕಿಲೋಹರ್ಟ್ಸ್. 1ನ್ನು 3.2 ಮೈಕ್ರೊಸೆಕೆಂಡಿನಿಂದ ಭಾಗಿಸಿದರೆ ಬರುವುದು ಇದೇ ಸಂಖ್ಯೆ. ಆದ್ದರಿಂದ ಆ ಅವಧಿಯಲ್ಲಿ ಯಾವುದೇ ಎರಡು ಸಬ್‌ಕ್ಯಾರಿಯರ್‌ಗಳ ಗುಣಲಬ್ಧದ ಇಂಟಿಗ್ರೇಷನ್ ಸೊನ್ನೆಯಾಗುತ್ತದೆ. ಅವು ಒಂದರ ಪಕ್ಕ ಒಂದು ಒತ್ತೊತ್ತಾಗಿದ್ದರೂ ಒಂದಕ್ಕೊಂದು ತೊಂದರೆ ಕೊಡುವುದಿಲ್ಲ. ಮೊಬೈಲ್ ಒಳಗಿನ ಚಿಪ್ ಪ್ರತಿ ಸಂಕೇತಕ್ಕೂ ಫೋರಿಯರ್ ಅವರ ಲೆಕ್ಕ ಮಾಡಿ ಅಲೆಗಳನ್ನು ಬೇರ್ಪಡಿಸುತ್ತದೆ.

ಇದು ಸಾಧ್ಯವಾಗಲು ಲೆಕ್ಕ ಬೇಗ ಆಗಬೇಕಿತ್ತು. ಕಂಪ್ಯೂಟರಿನಲ್ಲಿ ಅದನ್ನು ವೇಗವಾಗಿ ಮಾಡುವ ವಿಧಾನವನ್ನು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದರು. ಫೋರಿಯರ್ ಲೆಕ್ಕದಿಂದಲೇ ಹಲವು ಸಬ್‌ಕ್ಯಾರಿಯರ್‌ಗಳನ್ನು ಹುಟ್ಟಿಸಬಹುದು, ಬಿಡಿಸಬಹುದು ಎಂದು 1971ರಲ್ಲಿ ವೈನ್‌ಸ್ಟೈನ್ ಮತ್ತು ಎಬರ್ಟ್ ತೋರಿಸಿದರು. 1999ರಲ್ಲಿ ಈ ವಿಧಾನ ವೈಫೈಗೆ ಬಂತು. ಹೈ ಥ್ರೂಪುಟ್ ಎಂಬ ಹೆಸರಿನ 802.11ಎನ್ 2009ರಲ್ಲಿ ಜಾರಿಗೆ ಬಂತು.

ಸೆಟ್ಟಿಂಗ್ಸ್ ಪುಟದ ಎರಡು ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಮಾಹಿತಿ ಹೊರುವ ಸಬ್‌ಕ್ಯಾರಿಯರ್‌ಗಳು 52. 802.11ಎನ್‌ನಲ್ಲಿ ಒಂದೊಂದೂ ಹೆಚ್ಚೆಂದರೆ 6 ಬಿಟ್ ಹೊರುತ್ತದೆ. ಅದರಲ್ಲಿ ಆರನೇ ಒಂದು ಪಾಲು ತಪ್ಪು ತಿದ್ದುವುದಕ್ಕೆ ಹೋಗುತ್ತದೆ. ಉಳಿಯುವುದು 260 ಬಿಟ್. ಸಂಕೇತದ 3.2 ಮೈಕ್ರೊಸೆಕೆಂಡಿಗೆ 0.8 ಮೈಕ್ರೊಸೆಕೆಂಡ್ ಗಾರ್ಡ್ ಇಂಟರ್ವಲ್ ಸೇರಿಸಿದರೆ 4 ಮೈಕ್ರೊಸೆಕೆಂಡ್. 260ನ್ನು 4ರಿಂದ ಭಾಗಿಸಿದರೆ ಸೆಕೆಂಡಿಗೆ 65 ಮೆಗಾಬಿಟ್. 40 ಮೆಗಾಹರ್ಟ್ಸ್‌ಗೆ ಹೋದರೆ ಸಬ್‌ಕ್ಯಾರಿಯರ್‌ಗಳು 108 ಆಗಿ ವೇಗ 135ಕ್ಕೆ ಏರುತ್ತದೆ. ಗಾರ್ಡ್ ಇಂಟರ್ವಲ್ಲನ್ನೂ 0.4ಕ್ಕೆ ಇಳಿಸಿದರೆ 150. ನಾಲ್ಕು ಆಂಟೆನಾಗಳಿಂದ ನಾಲ್ಕು ಧಾರೆ ಕಳಿಸಿದರೆ 600. ಪೆಟ್ಟಿಗೆಯ ಮೇಲೆ ಅಚ್ಚಾಗುವ ದೊಡ್ಡ ಸಂಖ್ಯೆ ಹೀಗೆ ಬರುತ್ತದೆ.

ಹಾಗಾದರೆ ಎಲ್ಲವನ್ನೂ ಗರಿಷ್ಠಕ್ಕೆ ಇಟ್ಟುಬಿಡಬಹುದಲ್ಲ? ಮನೆಯಲ್ಲಿ ಒಂದೇ ರೂಟರ್ ಇದ್ದರೆ ಕೆಲವೊಮ್ಮೆ ನಡೆಯುತ್ತದೆ. ಒಂದು ಕಟ್ಟಡದಲ್ಲಿ ಹತ್ತಾರು ಆ್ಯಕ್ಸೆಸ್ ಪಾಯಿಂಟ್ ಇರುವಲ್ಲಿ ನಡೆಯುವುದಿಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ 20 ಮೆಗಾಹರ್ಟ್ಸ್ ಚಾನೆಲ್‌ಗಳು ಸಾಮಾನ್ಯವಾಗಿ ಮೂರೇ: 1, 6 ಮತ್ತು 11. ಅಲ್ಲಿ 40 ಮೆಗಾಹರ್ಟ್ಸ್ ಇಟ್ಟರೆ ಒಂದೇ ಆ್ಯಕ್ಸೆಸ್ ಪಾಯಿಂಟ್ ಇಬ್ಬರ ಜಾಗ ನುಂಗುತ್ತದೆ. ವೈಫೈ ಸಾಧನಗಳು ಬೇರೆಯವರು ಮಾತನಾಡುತ್ತಿದ್ದಾರೆಯೇ ಎಂದು ಮೊದಲು ಕೇಳಿಸಿಕೊಂಡು, ಅವರು ಮುಗಿಸಿದ ಮೇಲೆ ತಾವು ಮಾತನಾಡುತ್ತವೆ. ಅಗಲವಾದ ಚಾನೆಲ್‌ಗಳು ಒಂದರ ಮೇಲೊಂದು ಬಿದ್ದರೆ ಎಲ್ಲರೂ ಕಾಯುವುದೇ ಕೆಲಸ. ಜೊತೆಗೆ, ಅಷ್ಟೇ ಶಕ್ತಿ ಎರಡರಷ್ಟು ಅಗಲಕ್ಕೆ ಹಂಚಿಹೋಗುವುದರಿಂದ ಪ್ರತಿ ಸಬ್‌ಕ್ಯಾರಿಯರ್‌ಗೆ ಸಿಗುವುದು ಅರ್ಧ. ದೂರದ ಬೆಂಚಿನಲ್ಲಿ ಕುಳಿತವರಿಗೆ ಸಂಕೇತ ದುರ್ಬಲವಾಗುತ್ತದೆ. ಅದಕ್ಕಾಗಿ ತಿಳಿದವರು 2.4 ಗಿಗಾಹರ್ಟ್ಸ್‌ನಲ್ಲಿ 20ನ್ನೇ ಇಡುತ್ತಾರೆ. ಚಾನೆಲ್‌ಗಳು ಹೆಚ್ಚಿರುವ 5 ಗಿಗಾಹರ್ಟ್ಸ್‌ನಲ್ಲಿ 40ಕ್ಕೆ ಹೋಗುತ್ತಾರೆ. ನೂರಾರು ಮೊಬೈಲ್ ಸೇರುವ ಸಭಾಂಗಣದಲ್ಲಿ ಅಲ್ಲೂ 20ಕ್ಕೇ ಇಳಿಸುವುದುಂಟು.

ಗಾರ್ಡ್ ಇಂಟರ್ವಲ್ ಎಂದರೆ ಪ್ರತಿಧ್ವನಿ ಅಡಗಲು ಬಿಡುವ ಸಮಯ. ರೇಡಿಯೊ ಅಲೆ 400 ನ್ಯಾನೊಸೆಕೆಂಡಿನಲ್ಲಿ 120 ಮೀಟರ್ ಹೋಗುತ್ತದೆ, 800ರಲ್ಲಿ 240 ಮೀಟರ್. ನೇರ ದಾರಿಗಿಂತ ಬಳಸು ದಾರಿ ಎಷ್ಟು ಹೆಚ್ಚು ಉದ್ದ ಎಂಬುದು ಇಲ್ಲಿ ಮುಖ್ಯ. ತರಗತಿ ಕೋಣೆಯಲ್ಲಿ ಆ ವ್ಯತ್ಯಾಸ ಕಡಿಮೆ, 400 ಸಾಕು. ಹನ್ನೊಂದು ಶೇಕಡಾದಷ್ಟು ವೇಗ ಹೆಚ್ಚುತ್ತದೆ. ದೊಡ್ಡ ಮೈದಾನದಲ್ಲಿ, ದೂರದ ಕಟ್ಟಡಗಳಿಂದ ಪ್ರತಿಧ್ವನಿ ಬರುವಲ್ಲಿ 800 ಇಡುವುದೇ ಕ್ಷೇಮ. ಇನ್ನೊಂದು ಮಾತು: ಹಳೆಯ ಡಬ್ಲ್ಯುಇಪಿ ಅಥವಾ ಟಿಕೆಐಪಿ ಭದ್ರತೆ ಇಟ್ಟರೆ ಹೈ ಥ್ರೂಪುಟ್ ವೇಗ ಸಿಗುವುದೇ ಇಲ್ಲ, ಹಳೆಯ 54 ಮೆಗಾಬಿಟ್‌ಗೇ ನಿಲ್ಲುತ್ತದೆ. ಎಇಎಸ್ ಬಳಸುವ ಡಬ್ಲ್ಯುಪಿಎ2 ಅಥವಾ ಅದಕ್ಕಿಂತ ಹೊಸದು ಇರಬೇಕು.

ಪೆಟ್ಟಿಗೆಯ ಮೇಲಿನ ಸಂಖ್ಯೆ ಒಬ್ಬನಿಗೆ ಸಿಗಬಹುದಾದ ಗರಿಷ್ಠ. ಜಾಲ ನೋಡಿಕೊಳ್ಳುವವರು ಯೋಚಿಸಬೇಕಾದದ್ದು ಕೊನೆಯ ಬೆಂಚಿನವನೂ ಸೇರಿ ಎಲ್ಲರಿಗೂ ಎಷ್ಟು ಸಿಗುತ್ತದೆ ಎಂಬುದನ್ನು. ಬುರ್ಗ್ವಾನಿನ ಜೌಗು ಬಸಿಯುವಾಗ ಫೋರಿಯರ್ ಮಾಡಿದ್ದೂ ಅಂಥದೇ ಲೆಕ್ಕ.

ಲಗ್ರಾಂಜ್ ಅವರ ಸಂಶಯ ನಿಮಗೂ ಇದ್ದರೆ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಮೊದಲು ಸೈನ್ ಎಕ್ಸ್‌ನ ಅಲೆ ಬರೆಯಿರಿ. ಅದಕ್ಕೆ ಸೈನ್ 3ಎಕ್ಸ್‌ನ ಮೂರನೇ ಒಂದು ಪಾಲು, ಸೈನ್ 5ಎಕ್ಸ್‌ನ ಐದನೇ ಒಂದು ಪಾಲು ಕೂಡಿಸಿ. ಹೀಗೆಯೇ ಬೆಸ ಸಂಖ್ಯೆಗಳಲ್ಲಿ ಮುಂದೆ ಹೋಗಿ. ದುಂಡಗಿನ ಅಲೆಗಳು ಸೇರಿ ನೇರ ಗೋಡೆಗಳ ಚೌಕ ಮೂಡುತ್ತಾ ಬರುವುದನ್ನು ನಿಮ್ಮ ಕಣ್ಣಾರೆ ನೋಡುವಿರಿ.